ನಾಲ್ಕನೆಯ ಬಟ್ಟೆ

ನಮ್ಮೂರಲ್ಲಿ ಗಾಳಿ ಬೀಸುವುದಿಲ್ಲ. ಹೊರಗಿನವರು ಇದನ್ನು ಕೇಳಿ ಮೊದಲು ನಗುತ್ತಾರೆ, ಒಂದು ವಾರ ಇದ್ದು ನೋಡಿದ ಮೇಲೆ ಸುಮ್ಮನಾಗುತ್ತಾರೆ. ತಂತಿಗೆ ಹಾಕಿದ ಸೀರೆ ಹಾಕಿದ ಹಾಗೇ ನಿಂತಿರುತ್ತದೆ. ರಾಗಿ ತೂರಬೇಕೆಂದರೆ ಕಣಕ್ಕೆ ಫ್ಯಾನು ಹೊತ್ತುಕೊಂಡು ಹೋಗಬೇಕು. ಬೇರೆ ಊರಿನಿಂದ ಬಂದ ಸೊಸೆಯಂದಿರು ಮೊದಲ ವರ್ಷ ಸಂಜೆ ಹೊತ್ತು ಜಗಲಿಯ ಮೇಲೆ ಕೂತು ಏನನ್ನೋ ಕಾಯುತ್ತಾರೆ. ಎರಡನೆಯ ವರ್ಷ ಕಾಯುವುದನ್ನು ಬಿಡುತ್ತಾರೆ. ಇದರಿಂದ ನಮಗೆ ಅಂಥ ತೊಂದರೆಯೇನಿಲ್ಲ. ತೊಂದರೆ ಇರುವುದು ಹೊಗೆಯದು. ಯಾರ ಮನೆಯಲ್ಲಿ ದಪ್ಪ ಹೊಗೆ ಎದ್ದರೂ ಅದು ತೆಂಗಿನ ಮರದೆತ್ತರಕ್ಕೆ ಹೋಗಿ, ಆ ಮನೆಯ ನೆತ್ತಿಯ ಮೇಲೆಯೇ ನಿಂತುಬಿಡುತ್ತದೆ. ಒಂಬತ್ತು ದಿನ ನಿಲ್ಲುತ್ತದೆ. ಹತ್ತನೆಯ ದಿನ ಮಧ್ಯಾಹ್ನ ತಾನಾಗಿ ಇಳಿದು, ಅಂಗಳ ತುಂಬಿ, ನೆಲಕ್ಕೆ ಕೂತು ಮುಗಿಯುತ್ತದೆ.

ಇದಕ್ಕೆ ತಕ್ಕ ಹಾಗೆ ನಮ್ಮಲ್ಲಿ ಕೆಲವು ಮರ್ಯಾದೆಗಳಿವೆ. ಇನ್ನೊಬ್ಬರ ಹೊಗೆಯನ್ನು ತಲೆಯೆತ್ತಿ ನೋಡಬಾರದು. ನೋಡಿದರೂ ನೋಡಿದೆ ಅನ್ನಬಾರದು. ಹೊಗೆ ಇಳಿಯುವ ದಿನ ಅಕ್ಕಪಕ್ಕದವರು ಕಿಟಕಿ ಬಾಗಿಲು ಹಾಕಿಕೊಂಡು ಒಳಗಿರಬೇಕು. ಹೊಗೆಯವರ ಮನೆಯಲ್ಲಿ ಏನು ಹೊತ್ತಿತು, ಏನು ಸೀದಿತು ಎಂದು ಮೂಸಿ ನೋಡುವುದು ಕೀಳು ಬುದ್ಧಿ. ಫ್ಯಾನು ಹಚ್ಚಿ ನಮ್ಮ ಹೊಗೆಯನ್ನು ಪಕ್ಕದ ಮನೆಯ ಮೇಲಕ್ಕೆ ತಳ್ಳುವುದಂತೂ ಯಾರೂ ಕ್ಷಮಿಸದ ಕೆಲಸ. ಕೆಳಗಿನ ಬೀದಿಯ ಅಣ್ಣತಮ್ಮಂದಿರಿಬ್ಬರು ಇದೇ ಕಾರಣಕ್ಕೆ ಮೂವತ್ತು ವರ್ಷದಿಂದ ಮಾತು ಬಿಟ್ಟಿದ್ದಾರೆ.

ಹೀಗಿರುವಾಗ ಕಟ್ಟಿಗೆ ಒಲೆಯಲ್ಲಿ ಬದನೆಕಾಯಿ ಸುಡುವುದು, ಮೀನು ಸುಡುವುದು ಎಂದರೆ ಮಾನ ಕಳೆದುಕೊಳ್ಳುವ ಬಾಬತ್ತು. ಅದಕ್ಕೇ ಊರಿಗೆ ಗ್ರಿಲ್ಲು ಬಂತು. ಮರದ ಹೊಟ್ಟನ್ನು ಒತ್ತಿ ಮಾಡಿದ, ಕಿರುಬೆರಳಿಗಿಂತ ಸಣ್ಣ ತುಂಡುಗಳು ಅದರ ಉರುವಲು. ಬೇರೆ ಕಡೆ ಪೆಲೆಟ್ ಅನ್ನುತ್ತಾರೆ, ನಮ್ಮವರು ಗುಳಿಗೆ ಅನ್ನುತ್ತಾರೆ. ಪಕ್ಕದ ಪೆಟ್ಟಿಗೆಗೆ ಗುಳಿಗೆ ಸುರಿದರೆ, ಕೆಳಗೆ ಒಂದು ತಿರುಪು ನಿಧಾನವಾಗಿ ಸುತ್ತುತ್ತ ಅವನ್ನು ಬೆಂಕಿ ಬಟ್ಟಲಿಗೆ ತಂದು ಹಾಕುತ್ತದೆ. ಬಟ್ಟಲ ಅಡಿಯ ಕಂಡಿಯಿಂದ ಪುಟ್ಟ ಫ್ಯಾನು ಗಾಳಿ ಊದುತ್ತದೆ. ಗಾಳಿ ಸರಿಯಾಗಿದ್ದರೆ ಎಳೆ ನೀಲಿಯ ತೆಳು ಹೊಗೆ ಬಂದು ಸೂರು ಮುಟ್ಟುವುದರೊಳಗೆ ಕರಗಿಹೋಗುತ್ತದೆ. ಅದನ್ನು ನಮ್ಮೂರು ಹೊಗೆಯೆಂದೇ ಎಣಿಸುವುದಿಲ್ಲ.

ನಾನು ಪುಟ್ಟಾಚಾರಿ. ಅಪ್ಪನ ಕುಲುಮೆ ಹೊಗೆಯ ದೆಸೆಯಿಂದ ಊರಾಚೆ ಎರಡು ಮೈಲಿ ದೂರದಲ್ಲಿತ್ತು, ಅವನು ಬದುಕಿಡೀ ನಡೆದುಕೊಂಡೇ ಹೋಗಿಬಂದ. ನಾನು ಊರೊಳಗೇ ಗ್ರಿಲ್ಲು ರಿಪೇರಿ ಹಿಡಿದೆ. ಇಪ್ಪತ್ತೆರಡು ವರ್ಷ. ತಿರುಪು ಕಿರುಗುಟ್ಟಿದರೆ ಪೆಟ್ಟಿಗೆಯ ತಳದಲ್ಲಿ ಪುಡಿ ಕೂತಿದೆ ಎಂದು ಬೀದಿಯಿಂದಲೇ ಹೇಳುತ್ತಿದ್ದೆ. ಬೆಂಕಿ ಒಮ್ಮೆಲೇ ಭಗ್ಗೆಂದರೆ ಜಿಡ್ಡಿನ ತಟ್ಟೆ ತೊಳೆದಿಲ್ಲ. ಬಿಸಿ ಹೆಚ್ಚು ತೋರಿಸಿ ಕೋಳಿ ಹಸಿಯಾಗೇ ಉಳಿದರೆ, ಒಳಗಿರುವ ಶಾಖ ನೋಡುವ ಕಡ್ಡಿಗೆ ಮಸಿ ಹತ್ತಿದೆ. "ಆಚಾರ್ರೇ, ನಮ್ದು ಯಾಕೋ ಕೆಮ್ತದೆ" ಎಂದು ಜನ ಬಂದರೆ, ಏನೋ ದೊಡ್ಡ ಡಾಕ್ಟರಂತೆ ಚೀಲ ಹೆಗಲಿಗೇರಿಸಿ ಹೋಗುತ್ತಿದ್ದೆ. ನಾನು ಮುಟ್ಟಿದ ಗ್ರಿಲ್ಲು ಹೊಗೆ ಬಿಡುವುದಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ, ಆದರೆ ಹೇಳಿಕೊಂಡಿದ್ದು ನಿಜ.

ಚೀಲದಲ್ಲಿ ಬ್ರಷ್ಷು, ಬೂದಿ ಕೆರೆಯುವ ಕರಣೆ, ಎಣ್ಣೆ ಡಬ್ಬಿ, ನಾಲ್ಕು ಬಟ್ಟೆ. ಆ ಬಟ್ಟೆಗಳು ನನ್ನ ಹೆಂಡತಿ ಗೌರಾಂಬೆಯ ಕೆಲಸ. ಹಳೆ ಸೀರೆ ಕತ್ತರಿಸಿ, ನೂಲು ಬಿಟ್ಟು ತಿರುಪಿಗೆ ಸುತ್ತಿಕೊಳ್ಳದ ಹಾಗೆ ಅಂಚಿಗೆ ಕೆಂಪು ದಾರದಲ್ಲಿ ಹೊಲಿಗೆ ಹಾಕಿ ಕೊಡುತ್ತಾಳೆ. ಪ್ರತಿ ಭಾನುವಾರ ಸಂಜೆ ಒಗೆಯಲು ತೆಗೆದುಕೊಳ್ಳುವಾಗ ಎಣಿಸಿಕೊಳ್ಳುತ್ತಾಳೆ. ನಾಲ್ಕು ಹೋಗಬೇಕು, ನಾಲ್ಕು ಬರಬೇಕು.

ಸಣ್ಣತಾಯಮ್ಮನ ಮನೆ ಮೇಗಲ ಬೀದಿಯ ಕೊನೆಗಿದೆ. ಹದಿನಾಲ್ಕು ವರ್ಷದಿಂದ ಆಕೆ ಅಂಗಳದಲ್ಲಿ ಗ್ರಿಲ್ಲಿಟ್ಟು ಮುಸುಕಿನ ಜೋಳ, ಗೆಣಸು, ಕೆರೆ ಮೀನು ಸುಟ್ಟು ಮಾರುತ್ತಾಳೆ. ಆಕೆಯ ಕೈಯ ಸುಟ್ಟ ಬದನೆಕಾಯಿಯಲ್ಲಿ ಗೊಜ್ಜು ಮಾಡಿದರೆ ಮನೆಯಲ್ಲಿ ಯಾರೂ ಇನ್ನೊಂದು ಸಾರು ಕೇಳುವುದಿಲ್ಲ. ಆದರೆ ಬೀದಿಯಲ್ಲಿ ನಿಂತು ತಿನ್ನುವುದು ನಮ್ಮಲ್ಲಿ ಪದ್ಧತಿಯಲ್ಲ. ಜನ ಮುತ್ತುಗದ ಎಲೆಯಲ್ಲಿ ಕಟ್ಟಿಸಿಕೊಂಡು ಮನೆಗೆ ಒಯ್ಯುತ್ತಾರೆ. ಊರಲ್ಲಿ ನಿಂತು, ಕೂತು ತಿನ್ನಬಹುದಾದ ಜಾಗ ಒಂದೇ, ಚೌಕದ ಮಳಿಗೆ. ಅಲ್ಲಿ ಕಲ್ಲು ಬೆಂಚುಗಳಿವೆ. ಅದನ್ನು ನಡೆಸುತ್ತಿದ್ದ ಮುದುಕಿ ಕೈಲಾಗದೆ ಬಿಟ್ಟುಕೊಟ್ಟಾಗ, ಒಂದು ವರ್ಷ ಕಳೆದ ಮೇಲೆ ಹಿರಿಯರು ಸೇರಿ ಮಳಿಗೆ ಯಾರಿಗೆಂದು ಹೇಳುವುದು ಎಂದು ತೀರ್ಮಾನವಾಯಿತು. ನಮ್ಮಲ್ಲಿ ಅದಕ್ಕೊಂದೇ ಕಟ್ಟಳೆ: ಆ ಒಂದು ವರ್ಷ ಮನೆಯ ಮೇಲೆ ಹೊಗೆ ನಿಂತಿರಬಾರದು.

ಸಣ್ಣತಾಯಮ್ಮನಿಗೆ ಆ ಮಳಿಗೆ ಬೇಕಿತ್ತು. ಯಾಕೆಂದು ಒಮ್ಮೆ ಕೇಳಿದ್ದೆ. ಆಕೆ ಜೋಳ ತಿರುವುತ್ತ ಹೇಳಿದಳು: "ಹದಿನಾಲ್ಕು ವರ್ಷ ಸುಟ್ಟಿದ್ದೀನಿ ಆಚಾರ್ರೇ. ನಾನ್ ಸುಟ್ಟಿದ್ದನ್ನ ಒಬ್ರು ತಿನ್ನೋದು ನಾನು ಕಂಡಿಲ್ಲ. ಎಲೆ ಕಟ್ಟಿ ಕೊಡ್ತೀನಿ, ಬೆನ್ನು ಕಾಣ್ತದೆ, ಹೋಯ್ತಾರೆ. ಒಂದ್ಸಲನಾರ ಅವ್ರ ಮುಖ ನೋಡ್ಬೇಕು ಅನ್ನಿಸ್ತದೆ."

ವರ್ಷ ತುಂಬಲು ಒಂಬತ್ತು ದಿನ ಬಾಕಿ ಇತ್ತು. ಶನಿವಾರ ಮಧ್ಯಾಹ್ನ ಆಕೆ ನನ್ನನ್ನು ಕರೆಸಿ, "ಒಂದ್ಸಲ ಪೂರ್ತಿ ಬಿಚ್ಚಿ ನೋಡ್ಬುಡಿ, ಕೊನೇ ವಾರ" ಅಂದಳು. ಪೂರ್ತಿ ಬಿಚ್ಚಿದೆ. ಸರಳು ತೆಗೆದೆ, ಜಿಡ್ಡಿನ ತಟ್ಟೆ ತೊಳೆದೆ, ಬೆಂಕಿ ಬಟ್ಟಲು ಎತ್ತಿ ಪಕ್ಕಕ್ಕಿಟ್ಟೆ. ಬಟ್ಟಲ ಅಡಿಯ ಬೂದಿ ಕೆರೆಯುವಾಗ ಅದು ಗಾಳಿ ಕಂಡಿಯೊಳಗೆ ಬಿದ್ದು ಫ್ಯಾನಿಗೆ ಹೋಗಬಾರದೆಂದು ಕಂಡಿಗೆ ಒಂದು ಬಟ್ಟೆ ತುರುಕಿಕೊಳ್ಳುತ್ತೇನೆ. ಇದು ನಾನೇ ಕಂಡುಕೊಂಡ ಉಪಾಯ, ಇದರ ಬಗ್ಗೆಯೂ ಕೊಚ್ಚಿಕೊಂಡಿದ್ದೇನೆ. ಕೆರೆದು ಮುಗಿಯುವ ಹೊತ್ತಿಗೆ ಊರ ಯಜಮಾನರು ಚಿಕ್ಕೀರೇಗೌಡರು ಬೇಲಿಯಾಚೆ ಹಾದುಹೋದರು. ನಾನು ಸುಮ್ಮನೆ ಇರಬಾರದಿತ್ತೆ. ಕರೆದು ನಿಲ್ಲಿಸಿ, "ನೋಡಿ ಗೌಡ್ರೇ, ಈ ಮನೆ ನೆತ್ತಿ ಎಷ್ಟು ಚೊಕ್ಕವಾಗಿದೆ. ಯಾರ ಕೈ ಅಂದ್ಕೊಂಡ್ರಿ?" ಎಂದು ಶುರು ಮಾಡಿದೆ. ಅವರು ನಗುತ್ತ ನಿಂತರು. ನಾನು ಮಾತಾಡುತ್ತಲೇ ಬಟ್ಟಲು ಕೂರಿಸಿದೆ, ಮಾತಾಡುತ್ತಲೇ ಸರಳು ಜೋಡಿಸಿದೆ, ಮಾತಾಡುತ್ತಲೇ ಅವರ ಜೊತೆ ಬೀದಿಗಿಳಿದು ಹೋದೆ.

ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮೇಗಲ ಬೀದಿಯ ಕೊನೆಗೆ ಹೊಗೆ ಎದ್ದಿತು. ಹಳದಿ ಬೆರೆತ ಬಿಳಿ, ಗಟ್ಟಿ ಹೊಗೆ. ಆಕೆ ಹೇಳಿ ಕಳಿಸುವ ಮೊದಲೇ ನಾನು ಚೀಲ ಹಿಡಿದು ಓಡಿದೆ. ಬೇಲಿಯ ಬಳಿ ಹತ್ತು ಹನ್ನೆರಡು ಜನ ಮರ್ಯಾದೆಗೆ ತಲೆ ತಗ್ಗಿಸಿಕೊಂಡು ನಿಂತಿದ್ದರು. ತಲೆ ತಗ್ಗಿಸಿದ್ದರು, ಹೋಗಿರಲಿಲ್ಲ. ಸಣ್ಣತಾಯಮ್ಮ ಆಗಲೇ ಕರೆಂಟು ತೆಗೆದು ಮುಚ್ಚಳ ಮುಚ್ಚಿ ಪಕ್ಕದಲ್ಲಿ ನಿಂತಿದ್ದಳು. ಸರಳಿನ ಮೇಲೆ ನಾಲ್ಕು ಜೋಳದ ತೆನೆ ಹಸಿಯಾಗೇ ಇದ್ದವು. ಆರಲು ಬಿಟ್ಟು ಬಿಚ್ಚಿದೆ. ಬಟ್ಟಲ ತುಂಬ ಉರಿಯದ ಗುಳಿಗೆ ರಾಶಿ ಬಿದ್ದಿತ್ತು, ಮೇಲೆ ಮಾತ್ರ ಕರಕಲು. ಗಾಳಿ ಇಲ್ಲದೆ ಉಸಿರು ಕಟ್ಟಿ ಹೊಗೆಯಾಡಿದೆ ಎಂದು ಅಲ್ಲೇ ತಿಳಿಯಿತು. ಬಟ್ಟಲು ಎತ್ತಿದೆ. ಕಂಡಿಯಲ್ಲಿ ನನ್ನ ಬಟ್ಟೆ ಇತ್ತು. ಅರ್ಧ ಸುಟ್ಟಿತ್ತು. ಕೆಂಪು ದಾರದ ಅಂಚು ಒಂದು ಕಡೆ ಹಾಗೇ ಉಳಿದಿತ್ತು.

ಜನರ ಕಡೆಗೆ ನನ್ನ ಬೆನ್ನಿತ್ತು. ಸಣ್ಣತಾಯಮ್ಮ ನನ್ನ ಎಡಕ್ಕೆ ನಿಂತಿದ್ದಳು, ಆಕೆಗೆ ಕಾಣುತ್ತಿದ್ದದ್ದು ನನ್ನ ಮೊಣಕೈ. ನಾನು ಯೋಚಿಸಿ ಮಾಡಿದೆ ಅನ್ನಲಾರೆ, ಯೋಚಿಸದೆ ಮಾಡಿದೆ ಎಂದು ತಪ್ಪಿಸಿಕೊಳ್ಳಲೂ ಆರೆ. ಕೈ ಆ ಬಟ್ಟೆಯನ್ನು ಮುದುರಿ ಜೇಬಿಗೆ ಹಾಕಿತು. ಇನ್ನೂ ಬಿಸಿ ಇತ್ತು, ತೊಡೆ ಚುರುಗುಟ್ಟಿತು.

"ಏನಾಯ್ತು ಆಚಾರ್ರೇ?"

"ಗುಳಿಗೆ ತೇವ ಆಗವೆ ಸಣ್ಣತಾಯಕ್ಕ" ಅಂದೆ. ತೇವದ ಗುಳಿಗೆಯೂ ಹೀಗೇ ಹೊಗೆಯಾಡುತ್ತದೆ. ಅಷ್ಟು ವರ್ಷದ ವಿದ್ಯೆ ನನಗೆ ಆ ಹೊತ್ತಿನಲ್ಲಿ ಒದಗಿದ್ದು ಹೀಗೆ.

"ತೇವಾನಾ? ಗುಳಿಗೆ ಡಬ್ಬಕ್ಕೆ ಮುಚ್ಚಳ ಹಾಕಿದ್ನಲ್ಲ." ಆಕೆ ಡಬ್ಬದ ಕಡೆ ತಿರುಗಿ ನೋಡಿದಳು. "ಹಾಕಿದ್ನೋ, ಇಲ್ವೋ." ಆಮೇಲೆ ಬೇಲಿಯ ಕಡೆ ತಿರುಗಿ, ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳಿದಳು: "ತಪ್ಪು ನಂದೇ ಕಣ್ರಪ್ಪ. ಆಚಾರ್ರು ನೆನ್ನೆ ಅಷ್ಟು ಚೆಂದಾಗಿ ಮಾಡ್ಕೊಟ್ಟು ಹೋಗಿದ್ರು." ನನ್ನ ಕಡೆ ಕೈ ಮುಗಿದಳು. "ಭಾನ್ವಾರಾನೂ ನಿಮ್ಗೆ ತೊಂದ್ರೆ ಕೊಟ್ಬುಟ್ಟೆ."

ಭೂಮಿ ಬಾಯಿ ಬಿಡಬಾರದೆ ಅನ್ನುತ್ತಾರಲ್ಲ, ಹಾಗೇನೂ ನನಗೆ ಅನ್ನಿಸಲಿಲ್ಲ. ಬೇಗ ಮನೆಗೆ ಹೋಗಬೇಕು ಅನ್ನಿಸಿತು, ಅಷ್ಟೆ. ಆಕೆ ಮುಗಿದ ಕೈಗೆ ನಾನೂ ಕೈ ಮುಗಿದು ಬಂದೆ. ನಾಚಿಕೆ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ.

ಸಂಜೆ ಗೌರಾಂಬೆ ಒಗೆಯುವ ಕಲ್ಲಿನ ಹತ್ತಿರ ಬಟ್ಟೆ ಎಣಿಸಿದಳು. "ಮೂರೇ ಇದೆಯಲ್ಲ?"

"ಒಂದು ಗಾಳಿಗೆ ಹಾರ್ಹೋಯ್ತು" ಅಂದುಬಿಟ್ಟೆ.

ಅವಳು ಕೈಯಲ್ಲಿದ್ದ ಸೋಪು ಕೆಳಗಿಟ್ಟಳು. "ಗಾಳಿಗೆ" ಅಂದಳು. ಅವಳು ಹೊಳೆಯಾಚೆಯ ಊರಿನವಳು, ಗಾಳಿ ಕಂಡವಳು. "ಮದ್ವೆಯಾಗಿ ಬಂದು ಇಪ್ಪತ್ತಾರು ವರ್ಷ ಆಯ್ತು ಕಣ್ರೀ. ಈ ಊರಲ್ಲಿ ಒಂದಿನ ನನ್ನ ಮುಂಗುರುಳು ಅಲ್ಲಾಡಿಲ್ಲ." ಅಷ್ಟು ಹೇಳಿ ಮೂರು ಬಟ್ಟೆ ಒಗೆದು ತಂತಿಗೆ ಹಾಕಿದಳು. ನಾಲ್ಕನೆಯದರ ಜಾಗ ಖಾಲಿ ಬಿಟ್ಟಿದ್ದಳು. ಸುಟ್ಟ ಬಟ್ಟೆಯನ್ನು ನಾನು ಸ್ಕ್ರೂ ಹಾಕುವ ತಗಡಿನ ಡಬ್ಬಿಯಲ್ಲಿ ಅಡಗಿಸಿಟ್ಟೆ. ಎಸೆಯಲಿಲ್ಲ.

ಸೋಮವಾರ ಬೆಳಿಗ್ಗೆ ಸಣ್ಣತಾಯಮ್ಮ ಬಂದಳು. ಸೆರಗಿನಲ್ಲಿ ಒಂದು ಹಿಡಿ ಗುಳಿಗೆ ತಂದಿದ್ದಳು. "ಇದು ಡಬ್ಬದ ತಳದ್ದು. ನೋಡಿ ಹೇಳಿ." ಒಳ್ಳೆ ಗುಳಿಗೆ ಬೆರಳಲ್ಲಿ ಒತ್ತಿದರೆ ಟಕ್ಕೆಂದು ಮುರಿಯುತ್ತದೆ, ತೇವದ್ದು ಸದ್ದಿಲ್ಲದೆ ಪುಡಿಯಾಗುತ್ತದೆ. ಇದು ಟಕ್ಕೆಂದಿತು. "ಇದು ಸರಿಯಾಗೇ ಅದೆ. ಅವತ್ತು ಮೇಲಿದ್ದದ್ದು ಬೇರೆ" ಅಂದೆ. ಆಕೆ ತಲೆಯಾಡಿಸಿ ಹೋದಳು. ಮಂಗಳವಾರ ಇನ್ನೊಂದು ಹಿಡಿ ತಂದಳು. ಟಕ್. ಬುಧವಾರ ಮತ್ತೆ. ಈ ಸಲ ಆಕೆಯೇ ನನ್ನ ಮುಂದೆ ಒಂದೊಂದಾಗಿ ಮುರಿದು ಕಿವಿಗೆ ಹಿಡಿದು ಕೇಳಿದಳು. "ಯಾವ್ದೂ ತೇವ ಇಲ್ವಲ್ಲ ಆಚಾರ್ರೇ. ಹಂಗಾರೆ ನಾನು ಅವತ್ತು ಏನ್ ಮಾಡ್ದೆ? ನೀರ್ ಕೈಯಲ್ಲಿ ತೆಗೆದ್ನಾ? ಜ್ಞಾಪಕಾನೇ ಬರ್ತಿಲ್ಲ. ಹದಿನಾಲ್ಕು ವರ್ಷ ಮಾಡಿದ ಕೈ, ಈಗ ಈ ಕೈಯನ್ನೇ ನಂಬಕ್ಕಾಯ್ತಿಲ್ಲ."

ಅಲ್ಲಿ ಹೇಳಬಹುದಿತ್ತು. ನಾವಿಬ್ಬರೇ ಇದ್ದೆವು, ಡಬ್ಬಿ ನನ್ನ ಮಗ್ಗುಲಲ್ಲೇ ಇತ್ತು. ನಾನು ಏನು ಮಾಡಿದೆ ಗೊತ್ತೆ? ಗದರಿಕೊಂಡೆ. "ಎಷ್ಟ್ ಸಲ ಹೇಳ್ಬೇಕಕ್ಕ ನಿಮ್ಗೆ? ಆಗಿದ್ದು ಆಗೋಯ್ತು. ದಿನಾ ಬಂದು ಇದನ್ನೇ ಕೇಳಿದ್ರೆ ನನಗೆ ಬೇರೆ ಕೆಲ್ಸ ಇಲ್ವಾ?" ಆಕೆ ಮುರಿದ ಚೂರುಗಳನ್ನು ಜಗಲಿಯಿಂದ ಬಳಿದುಕೊಂಡು, "ಇಲ್ಲ ಬುಡಿ, ಇನ್ನು ಕೇಳಲ್ಲ" ಎಂದು ಹೋದಳು. ಹೆದರಿದವನು ಹೀಗೇ ಎಗರಾಡುತ್ತಾನೆ. ನನಗೆ ಅದು ಗೊತ್ತಿತ್ತು, ಗೊತ್ತಿದ್ದೂ ಎಗರಾಡಿದೆ. ಆ ಮೇಲೆ ಆಕೆ ಗ್ರಿಲ್ಲು ಹಚ್ಚುವುದನ್ನೇ ನಿಲ್ಲಿಸಿದಳು. ಮೇಗಲ ಬೀದಿಯ ಕಡೆ ಹೋಗಬೇಕಾದ ಕೆಲಸಗಳಿಗೆಲ್ಲ ನಾನು ಏನೋ ಒಂದು ನೆವ ಹೇಳಿದೆ.

ಮುಂದಿನ ಸೋಮವಾರ ಹಿರಿಯರು ಸಂತೆಕಟ್ಟೆಯಲ್ಲಿ ಸೇರಿದರು. ಮಳಿಗೆ ಕೇಳಿದವರು ಇಬ್ಬರು, ಸಣ್ಣತಾಯಮ್ಮ ಮತ್ತು ಗೆಣಸು ಸುಡುವ ಶಿವನಂಜ. ಆ ದಿನ ಮಾತ್ರ ತಲೆಯೆತ್ತಿ ನೋಡಲು ಹಿರಿಯರಿಗೆ ಹಕ್ಕಿದೆ. ನೋಡಿದರು. ಮೇಗಲ ಬೀದಿಯ ಕೊನೆಗೆ ಹಳದಿ ಹೊಗೆ ಅಲುಗದೆ ನಿಂತಿತ್ತು. ಚಿಕ್ಕೀರೇಗೌಡರಿಗೆ ಮನಸ್ಸಿರಲಿಲ್ಲ ಎಂದು ಕಾಣುತ್ತಿತ್ತು. "ಗ್ರಿಲ್ಲಿನ ದೋಷವೋ, ಮಾಡೋರ ದೋಷವೋ? ಗ್ರಿಲ್ಲಿಂದಾದ್ರೆ ಯೋಚನೆ ಮಾಡಬಹುದು. ಆಚಾರ್ರೇ, ನೀವು ಹೇಳಿ" ಎಂದು ನನ್ನನ್ನೇ ಕೇಳಿದರು. ಸಣ್ಣತಾಯಮ್ಮ ನನ್ನ ಕಡೆ ನೋಡಿದಳು. ಆಸೆಯಿಂದೇನೂ ಅಲ್ಲ, ಒಂದು ವಾರದಿಂದ ಹುಡುಕುತ್ತಿದ್ದ ತಪ್ಪು ಈಗಲಾದರೂ ಸಿಗಬಹುದೇನೋ ಎಂಬಂತೆ.

"ಗುಳಿಗೆ ತೇವ ಆಗಿದ್ದವು" ಅಂದೆ. ಎರಡನೆಯ ಸಲ ಹೇಳುವಾಗ ಸುಲಭವಾಗಿತ್ತು. ಅದೇ ನನಗೆ ಈಗಲೂ ಹೆಚ್ಚು ಹೇಸಿಗೆ ಅನ್ನಿಸುವುದು.

ಮಳಿಗೆ ಶಿವನಂಜನಿಗಾಯಿತು. ಅವನು ಒಳ್ಳೆಯವನು, ಸಣ್ಣತಾಯಮ್ಮನ ಮುಖ ನೋಡಲಾರದೆ ಒದ್ದಾಡಿದ. ಆಕೆಯೇ ಹೋಗಿ ಅವನಿಗೆ, "ಬೆಂಚೆಲ್ಲ ತೊಳ್ಸಪ್ಪ, ಧೂಳು ಕೂತದೆ" ಎಂದು ಹೇಳಿ ಹೋದಳು.

ಮಂಗಳವಾರ ಮಧ್ಯಾಹ್ನ ಹೊಗೆ ಇಳಿಯಿತು. ಮೇಗಲ ಬೀದಿಯಲ್ಲಿ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ನಮ್ಮ ಮನೆ ಅಷ್ಟು ದೂರವಿದ್ದರೂ ನಾನೂ ಕಿಟಕಿ ಹಾಕಿದೆ. ಮೂರು ಗಂಟೆಗೆ ಸಣ್ಣತಾಯಮ್ಮ ಬಂದು ಹೊಸಿಲಾಚೆ ನಿಂತಳು. ಆಕೆಯ ಸೀರೆಯಿಂದ, ಕೂದಲಿಂದ ವಾಸನೆ ಬರುತ್ತಿತ್ತು.

"ಇಳೀತು" ಅಂದಳು. "ಗುಳಿಗೆ ಹೊಗೆ ಅಲ್ಲ ಆಚಾರ್ರೇ ಅದು. ಬಟ್ಟೆ. ಯಂತ್ರದ ಎಣ್ಣೆ ಹತ್ತಿದ ಬಟ್ಟೆ."

ನಾನು ನೆಲ ನೋಡುತ್ತಿದ್ದೆ.

"ನಾನ್ ಯಾರ್ಗೂ ಹೇಳಲ್ಲ. ಹೇಳಿದ್ರೂ ತೋರ್ಸಕ್ಕೆ ಹೊಗೆ ಎಲ್ಲದೆ ಈಗ? ಮಳಿಗೆನೂ ಹೋಯ್ತು." ಸೆರಗಿನ ಗಂಟು ಬಿಚ್ಚಿ, ದಿನಕ್ಕೊಂದು ಹಿಡಿ ತರುತ್ತಿದ್ದ ಆ ಗುಳಿಗೆ, ಆ ಮುರಿದ ಚೂರು, ಎಲ್ಲವನ್ನೂ ಜಗಲಿಯ ಮೇಲೆ ಸುರಿದಳು. "ಹತ್ತು ದಿನ ನನ್ನ ಕೈಯನ್ನ ನಾನೇ ಬೈಕೊಂಡಿದ್ದೀನಿ. ಒಂದಿನ ಕೋಪ ಬಂದು ಗೋಡೆಗೆ ಗುದ್ದಿದೆ. ಅದೊಂದು ನಿಮಗೆ ಗೊತ್ತಿರ್ಲಿ ಅಂತ ಬಂದೆ." ಬಲಗೈ ಬೆರಳಿನ ಗೆಣ್ಣುಗಳ ಮೇಲೆ ಗಾಯ ಒಣಗುತ್ತಿತ್ತು.

ಬುಧವಾರ ನಾನು ಡಬ್ಬಿ ಹಿಡಿದು ಚಿಕ್ಕೀರೇಗೌಡರ ಮನೆಗೆ ಹೋದೆ. ಹಿರಿಯರಲ್ಲಿ ನಾಲ್ವರು ಅಲ್ಲೇ ಇದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಬಟ್ಟೆ ತುರುಕಿದ್ದು, ಮರೆತದ್ದು, ಜೇಬಿಗೆ ಹಾಕಿದ್ದು, ಅವರ ಮುಂದೆಯೇ ಸುಳ್ಳಾಡಿದ್ದು. ಹೇಳಿ ಮುಗಿಸಿದಾಗ ಗೌಡರು ಎದ್ದು ಬಂದು ನನ್ನ ಭುಜ ಹಿಡಿದರು. "ಆಚಾರ್ರೇ, ನಿಮ್ಮದು ದೊಡ್ಡ ಮನಸ್ಸು" ಅಂದರು.

ನನಗೆ ಅರ್ಥವಾಗಲಿಲ್ಲ. "ಆ ಹೆಣ್ಣುಮಗಳ ಮಾನ ಉಳ್ಸೋಕೆ ನೀವೇ ಹೊತ್ಕೋತಾ ಇದ್ದೀರಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಿಮ್ಮ ಕೈಯಿಂದ ಹೊಗೆ ಬಂದಿದ್ದು ಯಾರಾದ್ರೂ ಕಂಡಿದ್ದೀವಾ?" ಎಂದು ಉಳಿದವರ ಕಡೆ ತಿರುಗಿದರು. ಅವರೂ ಇಲ್ಲ ಅಂದರು. ನಾನು ಬಟ್ಟೆ ತೆಗೆದು ತೋರಿಸಿದೆ. ಅವರಲ್ಲೊಬ್ಬರು ನಕ್ಕು, "ಸುಟ್ಟ ಬಟ್ಟೆ ಯಾರ ಮನೇಲಿಲ್ಲ?" ಅಂದರು. ನಾನು ಆಣೆ ಇಟ್ಟೆ. ಆಣೆ ಇಟ್ಟಷ್ಟೂ ನಾನು ಅವರ ಕಣ್ಣಲ್ಲಿ ದೊಡ್ಡವನಾಗುತ್ತ ಹೋದೆ. ಒಳಗಿನಿಂದ ಕಾಫಿ ತರಿಸಿದರು. ನನಗಾಗಿ ಬೆಲ್ಲ ಹೆಚ್ಚು ಹಾಕಿಸಿದ್ದರು. ಕುಡಿದೆ. ನನ್ನ ಜೀವಮಾನದಲ್ಲಿ ಅಂಥ ಕಾಫಿ ಕುಡಿದಿಲ್ಲ.

ಮನೆಗೆ ಬಂದೆ. ಗೌರಾಂಬೆ ನನ್ನ ಮುಖ ನೋಡಿ, "ನಂಬ್ಲಿಲ್ವಾ?" ಎಂದು ಕೇಳಿದಳು. ನಾನು ಅವಳಿಗೆ ಒಂದು ಮಾತೂ ಹೇಳಿರಲಿಲ್ಲ. ಅವಳು ಮೊದಲ ಸಂಜೆಯೇ ಬಲ್ಲವಳು. ಇಲ್ಲ ಅಂದೆ. ಅವಳು ತಂತಿಯ ಮೇಲಿನ ಮೂರು ಬಟ್ಟೆ ತೆಗೆದು ಮಡಿಸಿದಳು. "ನಮ್ಮ ಹಿತ್ತಲಲ್ಲೂ ಒಂದು ಗ್ರಿಲ್ಲು ಇದೆಯಲ್ಲ" ಅಂದಳು.

ಇಪ್ಪತ್ತೆರಡು ವರ್ಷ ನಾನು ಬೇರೆಯವರ ಗ್ರಿಲ್ಲಿನ ಹೊಗೆ ತಡೆದವನು. ಅವತ್ತು ನನ್ನದಕ್ಕೆ ಹೊಗೆ ಬರಿಸಲು ಕೂತೆ. ಬಟ್ಟಲು ಎತ್ತಿ, ಉಳಿದರ್ಧ ಬಟ್ಟೆಯನ್ನು ಅದೇ ರೀತಿ ಮುದುರಿ, ಗಾಳಿ ಕಂಡಿಗೆ ತುರುಕಿದೆ. ಬಟ್ಟಲು ಕೂರಿಸಿದೆ. ಸಣ್ಣತಾಯಮ್ಮ ಸುರಿದುಹೋಗಿದ್ದ ಗುಳಿಗೆಯನ್ನೇ ಬಳಿದು ಪೆಟ್ಟಿಗೆಗೆ ಹಾಕಿ, ಸಾಲದ್ದಕ್ಕೆ ನಮ್ಮದನ್ನು ಸುರಿದೆ. ಗುಂಡಿ ಒತ್ತಿದೆ. ತಿರುಪು ಸುತ್ತತೊಡಗಿತು. ಮೊದಲು ಏನೂ ಆಗಲಿಲ್ಲ. ಆಮೇಲೆ ಮುಚ್ಚಳದ ಅಂಚಿನಿಂದ ಹಳದಿ ಬೆರೆತ ಬಿಳಿ ಹೊಗೆ ಹೊರಟು, ಹಿತ್ತಲ ನುಗ್ಗೆ ಮರ ದಾಟಿ, ತೆಂಗಿನ ಮರದೆತ್ತರಕ್ಕೆ ಹೋಗಿ ನಮ್ಮ ಮನೆಯ ಮೇಲೆ ನಿಂತಿತು. ಮಟ ಮಟ ಮಧ್ಯಾಹ್ನ. ಊರು ನೋಡಲಿ ಎಂದೇ ಆ ಹೊತ್ತು ಆರಿಸಿಕೊಂಡಿದ್ದೆ.

ಆ ಒಂಬತ್ತು ದಿನ ಹೇಗಿತ್ತೆಂದು ಕೇಳಬೇಡಿ. ಯಾರೂ ಏನೂ ಅನ್ನಲಿಲ್ಲ, ಅನ್ನುವುದು ಮರ್ಯಾದೆಯಲ್ಲ. ಕೊಳಾಯಿ ಹತ್ತಿರ ನಾನು ಹೋದರೆ ಎಲ್ಲರೂ ತಮ್ಮ ತಮ್ಮ ಬಿಂದಿಗೆ ನೋಡಿಕೊಳ್ಳುತ್ತಿದ್ದರು. ಯಾರ ಗ್ರಿಲ್ಲೂ ಕೆಮ್ಮಲಿಲ್ಲ, ನನ್ನನ್ನು ಯಾರೂ ಕರೆಯಲಿಲ್ಲ. ಹದಿನಾಲ್ಕು ವರ್ಷ ಸುಟ್ಟು, ಕಡೆಗೆ ಒಂದು ವರ್ಷ ಉಸಿರು ಬಿಗಿಹಿಡಿದು ಕಾದವಳಿಗೆ ಆ ಹತ್ತು ದಿನ ಹೇಗಿದ್ದಿರಬೇಕು ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ. ನನಗಾದರೂ ಕಾರಣ ಗೊತ್ತಿತ್ತು.

ಹತ್ತನೆಯ ದಿನ ಹೊಗೆ ಇಳಿಯತೊಡಗಿದಾಗ ನಮ್ಮ ಬೀದಿಯ ಕಿಟಕಿಗಳೂ ಮುಚ್ಚಿಕೊಂಡವು. ನಾನು ಇದನ್ನು ಯೋಚಿಸಿರಲಿಲ್ಲ. ಮೂಸಿ ನೋಡಲಿ ಎಂದು ಹಚ್ಚಿದ ಹೊಗೆ, ಮೂಸುವವರು ಯಾರೂ ಇಲ್ಲ. ನಾನೂ ಗೌರಾಂಬೆಯೂ ಅಂಗಳದಲ್ಲಿ ನಿಂತಿದ್ದೆವು. ಆಗ ಬೀದಿಯಲ್ಲಿ ಕದ ಬಡಿಯುವ ಸದ್ದು ಕೇಳಿತು. ಸಣ್ಣತಾಯಮ್ಮ. ಗೆಣ್ಣು ಒಡೆದ ಕೈಯಲ್ಲೇ ಒಂದೊಂದು ಮನೆಯ ಕದ ಬಡಿಯುತ್ತ ಬರುತ್ತಿದ್ದಳು. "ತೆಗೀರಿ. ಬನ್ನಿ ಈಚೆಗೆ. ಇದು ಮೂಸ್ಬೇಕಾದ ಹೊಗೆ." ಆಕೆಯ ಹಿಂದೆ ಆಕೆಯ ಪಕ್ಕದ ಮನೆಯ ನಿಂಗಾಜಮ್ಮ, ಅವಳ ಹಿಂದೆ ಮೂಗಿಗೆ ಹೆಗಲ ವಲ್ಲಿ ಹಿಡಿದ ಚಿಕ್ಕೀರೇಗೌಡರು.

ಜನ ಬಂದರು. ನಮ್ಮ ಅಂಗಳದಲ್ಲಿ, ನನ್ನ ಹೊಗೆಯೊಳಗೆ ನಿಂತರು. ಬಟ್ಟೆ ಸುಟ್ಟ, ಯಂತ್ರದೆಣ್ಣೆ ಸುಟ್ಟ ವಾಸನೆ ಎಲ್ಲರ ಮೂಗಿಗೂ ಹೋಯಿತು. ಸಣ್ಣತಾಯಮ್ಮ, "ಇದೇ" ಅಂದಳು. ಆಕೆಯ ಮಾತೊಂದೇ ಗೌಡರಿಗೆ ಸಾಲಲಿಲ್ಲ. ಆಗ ನಿಂಗಾಜಮ್ಮ ನೆಲ ನೋಡುತ್ತ ಬಾಯಿಬಿಟ್ಟಳು. "ಇದೇ ವಾಸ್ನೆ ಅವತ್ತು ನಮ್ಮ ಅಡ್ಗೆಮನೆಗೂ ಬಂದಿತ್ತು. ಕಿಟಕಿ ಹಾಕಿದ್ರೂ ಹೆಂಚಿನ ಸಂದಿ ಇರ್ತದಲ್ಲ. ಬಟ್ಟೆ ವಾಸ್ನೆ ಅಂತ ಗೊತ್ತಾಯ್ತು. ಮೂಸ್ಬಾರದಲ್ವಾ ಅಂತ ಸುಮ್ಕಿದ್ದೆ." ಮೇಗಲ ಬೀದಿಯ ಇನ್ನಿಬ್ಬರು ತಮಗೂ ಬಂದಿತ್ತು ಅಂದರು. ಗೌಡರು ವಲ್ಲಿ ಇಳಿಸಿ ಒಮ್ಮೆ ಮೂಸಿದರು. ನನ್ನ ಕಡೆ ನೋಡಲಿಲ್ಲ. ಆವತ್ತಿನ ಕಾಫಿ ನೆನಪಾಯಿತೋ ಏನೋ, "ಬುದ್ಧಿ ಎಲ್ಲಿಟ್ಟಿದ್ರಿ ಆಚಾರ್ರೇ" ಎಂದಷ್ಟೇ ಹೇಳಿ ಹೊರಟರು. ಆ ಮಾತಿಗೆ ನಾನು ಕಾದಿದ್ದೆ.

ಸಣ್ಣತಾಯಮ್ಮನ ವರ್ಷದ ಲೆಕ್ಕದಿಂದ ಆ ಹೊಗೆಯನ್ನು ಹಿರಿಯರು ತೆಗೆದುಹಾಕಿದರು. ಮಳಿಗೆ ತಿರುಗಿ ಬರಲಿಲ್ಲ. ಹೂಡಿದ ಒಲೆಯನ್ನು ಕೀಳಿಸುವ ಪದ್ಧತಿ ನಮ್ಮಲ್ಲಿಲ್ಲ. ಶಿವನಂಜ ತಾನೇ ಬಿಟ್ಟುಕೊಡುತ್ತೇನೆಂದು ಬಂದರೆ ಆಕೆಯೇ, "ಬ್ಯಾಡ ಕಣಪ್ಪ, ನೀನೂ ಕಾದಿದ್ದೀಯ" ಅಂದಳಂತೆ. ಆಕೆ ಈಗಲೂ ಬೀದಿಯ ಕೊನೆಗೆ ಎಲೆ ಕಟ್ಟಿ ಕೊಡುತ್ತಾಳೆ. ಜನ ಈಗಲೂ ಬೆನ್ನು ತೋರಿಸಿ ಹೋಗುತ್ತಾರೆ.

ಎರಡು ತಿಂಗಳಾದ ಮೇಲೆ ಮೊದಲು ನನ್ನನ್ನು ಕರೆಸಿದವಳು ಆಕೆಯೇ. "ಬೂದಿ ತುಂಬ್ಕೊಂಡದೆ, ಬನ್ನಿ" ಎಂದು ಹೇಳಿ ಕಳಿಸಿದಳು. ಬಾಗಿಲಲ್ಲೇ ನಿಲ್ಲಿಸಿ, "ಬಟ್ಟೆ ಎಷ್ಟು ತಂದಿದ್ದೀರಿ, ಎಣ್ಸಿ" ಅಂದಳು. ಎಣಿಸಿದೆ. ಕೆಲಸ ಮುಗಿಸಿ ಹೊರಡುವಾಗ ಮತ್ತೆ ಎಣಿಸಿದೆ. ಈಗ ಊರಿನ ಎಲ್ಲ ಮನೆಗಳಲ್ಲೂ ಹೀಗೇ. ಅವರು ಕೇಳುವ ಮೊದಲೇ ಚೀಲ ಬಿಚ್ಚಿ ತೋರಿಸುತ್ತೇನೆ. ಅದು ರೂಢಿಯಾಗಿದೆ, ಅದರಲ್ಲಿ ಈಗ ಅಷ್ಟು ಕಷ್ಟವಿಲ್ಲ.

ಕಷ್ಟ ಇರುವುದು ಸಣ್ಣತಾಯಮ್ಮನ ಮನೆಯಲ್ಲಿ, ಬಟ್ಟೆ ಎಣಿಸಿಯಾದ ಮೇಲೆ. ಆಕೆ ಒಂದು ಜೋಳ ಸುಟ್ಟು, ಉಪ್ಪು ಖಾರ ನಿಂಬೆಹಣ್ಣು ತಿಕ್ಕಿ, ಎಲೆಯಲ್ಲಿ ಕಟ್ಟದೆ ಹಾಗೇ ನನ್ನ ಕೈಗೆ ಕೊಡುತ್ತಾಳೆ. ಮೊದಲ ಸಲ ನಾನು ಮನೆಗೊಯ್ಯಲು ಹೊರಟೆ. "ಇಲ್ಲೇ ತಿನ್ನಿ" ಅಂದಳು. ಅಂಗಳದಲ್ಲಿ ಸ್ಟೂಲು ಹಾಕಿ, ಎದುರಿಗೆ ತಾನೂ ಕುಕ್ಕರಗಾಲಲ್ಲಿ ಕೂತಳು. ಪ್ರತಿ ತಿಂಗಳೂ ಹೀಗೇ ಆಗುತ್ತದೆ. ಒಳ್ಳೆ ಹದವಾಗಿ ಸುಟ್ಟಿರುತ್ತಾಳೆ, ಒಂದು ಕಾಳೂ ಕಪ್ಪಾಗಿರುವುದಿಲ್ಲ. ನಾನು ನೆಲ ನೋಡಿಕೊಂಡು ಬೇಗ ಬೇಗ ಅಗಿಯುತ್ತೇನೆ.

"ತಲೆ ಎತ್ತಿ ತಿನ್ನಿ ಆಚಾರ್ರೇ" ಅನ್ನುತ್ತಾಳೆ. "ನನಗೆ ಮುಖ ಕಾಣ್ಬೇಕು."

ಎತ್ತುತ್ತೇನೆ.